ಅವ್ವನ ಶ್ವಾಸಕೋಶದ ಸೂಜಿ ಬಯಾಪ್ಸಿ: ಕ್ಯಾನ್ಸರ್ ಅಂತ ಗೊತ್ತಾಯ್ತು, ಜೀನ್ ಟೆಸ್ಟ್‌ಗೆ ಸ್ಯಾಂಪಲ್ ಸಾಲದಂತೆ. ಮುಂದೇನು?

ಕಕ್ಕಬ್ಬೆ_ಏಲಕ್ಕಿ
ಎಲ್ಲರಿಗೂ ನಮಸ್ಕಾರ. ಅವ್ವನಿಗೆ 63 ವರ್ಷ. ಬೀಡಿ ಸಿಗರೇಟು ಮುಟ್ಟಿದವರಲ್ಲ. ಕೆಮ್ಮು ಬಿಡಲೇ ಇಲ್ಲ. ಮೊದಲು ಟಿಬಿ ಇರಬಹುದು ಅಂದರು. ಕಫದಲ್ಲಿ ಏನೂ ಸಿಗಲಿಲ್ಲ, ಆದರೂ ಟಿಬಿ ಮಾತ್ರೆ ನಡೆಯಿತು. ಎಕ್ಸ್‌ರೇ ಹಾಗೇ ಇತ್ತು. ಆಮೇಲೆ ಸಿಟಿ ಮಾಡಿಸಿದರೆ ಬಲಗಡೆ ಗಡ್ಡೆ, ಎದೆಯ ನಡುವಿನ ಗ್ರಂಥಿಗಳೂ ಊದಿವೆ, ಲಿವರ್‌ನಲ್ಲೂ ಎರಡು ಚುಕ್ಕೆ.

ಘಾಟ್ ಇಳಿದು ಒಂದು ಖಾಸಗಿ ಆಸ್ಪತ್ರೆಗೆ ಹೋದೆವು. ಸಿಟಿಯಲ್ಲಿ ನೋಡಿಕೊಂಡೇ ಬೆನ್ನಿನಿಂದ ಸೂಜಿ ಹಾಕಿ ಸ್ಯಾಂಪಲ್ ತೆಗೆದರು. ರಿಪೋರ್ಟ್ ಅಡಿನೋಕಾರ್ಸಿನೋಮಾ, ಶ್ವಾಸಕೋಶದ ಕ್ಯಾನ್ಸರಿನ ಒಂದು ಬಗೆ. ಯಾವ ಔಷಧಿ ಹೊಂದುತ್ತದೆ ಅಂತ ನೋಡಲು ಕ್ಯಾನ್ಸರ್ ಡಾಕ್ಟರ್ ಗಡ್ಡೆಯ ಜೀನ್ ಟೆಸ್ಟ್ ಬರೆದುಕೊಟ್ಟರು. ಸ್ಯಾಂಪಲ್ ಹುಗಿದ ಮೇಣದ ಬ್ಲಾಕ್ ಬೆಂಗಳೂರಿನ ಲ್ಯಾಬಿಗೆ ಹೋಯಿತು. ಅಲ್ಲಿಂದ ಬಂದದ್ದು ಒಂದೇ ಸಾಲು: ಟ್ಯೂಮರ್ ಸಾಲದು, ಮತ್ತೆ ಕಳಿಸಿ. ಮೊದಲೇ ಹೇಳಿದ್ದರೆ ಅದೇ ದಿನ ಇನ್ನೆರಡು ತುಂಡು ತೆಗೆಯಬಹುದಿತ್ತು ಅಲ್ವಾ? ಅದನ್ನು ಕೇಳಿದರೆ ಯಾರೂ ಸರಿಯಾಗಿ ಉತ್ತರ ಕೊಡಲಿಲ್ಲ.

ಈಗ ಮನೆಯಲ್ಲಿ ಜಗಳ. ಮಾವ ಹೇಳುವುದು, ಮತ್ತೆ ಸೂಜಿ ಹಾಕಿದರೆ ಹರಡುತ್ತದೆ. ಚಿಕ್ಕಪ್ಪ ಹೇಳುವುದು, ಸೂಜಿ ಗೀಜಿ ಬೇಡ, ಆಪರೇಷನ್ ಮಾಡಿ ದೊಡ್ಡ ತುಂಡೇ ತೆಗೆಸಿ. ಅವ್ವ ಹೇಳುವುದು, ನನ್ನನ್ನು ಸುಮ್ನೆ ಬಿಡಿ. ಇದನ್ನು ಹಾದು ಬಂದವರು ಯಾರಾದರೂ ಇದ್ದರೆ ತಿಳಿಸಿ.

ಬಾಳೆಲೆ_ಗಾಳಿ
ಅಕ್ಕ, ಈಗ ರಕ್ತದಲ್ಲೇ ಟೆಸ್ಟ್ ಬಂದಿದೆಯಲ್ಲ. ಲಿಕ್ವಿಡ್ ಬಯಾಪ್ಸಿ ಅಂತಾರೆ. ಮತ್ಯಾಕೆ ಸೂಜಿ? ಕೈಯಿಂದ ಒಂದು ಟ್ಯೂಬ್ ರಕ್ತ ಕೊಟ್ಟರೆ ಆಯ್ತು.

ನಿವೃತ್ತ_ಹವಾಲ್ದಾರ್
ಮೊದಲು ಮಾವನಿಗೆ ಉತ್ತರ. ನನ್ನ ತಮ್ಮನಿಗೆ ಇದೇ ಕಾಯಿಲೆ ಇತ್ತು. ಸೂಜಿಯಿಂದ ಹರಡುತ್ತದೆ ಅಂತ ನಮ್ಮ ಓಣಿಯಲ್ಲೂ ಹತ್ತು ಜನ ಹೇಳಿದರು. ಡಾಕ್ಟರನ್ನೇ ಕೇಳಿದೆ. ಸೂಜಿ ಹೋದ ದಾರಿಯಲ್ಲಿ ಗಡ್ಡೆ ಬೆಳೆಯುವುದು ಉಂಟು, ಆದರೆ ಬಹಳ ಅಪರೂಪ ಅಂದರು. ನಿಮ್ಮ ಅವ್ವನಿಗೆ ಲಿವರ್‌ನಲ್ಲಿ ಚುಕ್ಕೆ ಕಂಡದ್ದು ಸೂಜಿ ಹಾಕುವ ಮೊದಲು. ಅದನ್ನು ಸೂಜಿಯ ತಲೆಗೆ ಕಟ್ಟಬೇಡಿ.

ಎರಡನೆಯದು. ಮನೆಯಲ್ಲಿ ಯಾರಾದರೂ ಸೇನೆಯಲ್ಲಿದ್ದವರಾ? ಕೊಡಗಿನಲ್ಲಿ ಕೇಳಲೇಬೇಕಾದ ಪ್ರಶ್ನೆ ಇದು. ಅಪ್ಪ ಪಿಂಚಣಿದಾರರಾದರೆ ಅವ್ವ ಮಾಜಿ ಸೈನಿಕರ ಆರೋಗ್ಯ ಯೋಜನೆ ಇಸಿಎಚ್‌ಎಸ್‌ಗೆ ಬರುತ್ತಾರೆ. ಜೀನ್ ಟೆಸ್ಟ್‌ಗೆ ಮೊದಲೇ ರೆಫರಲ್ ಬರೆಸಿಕೊಳ್ಳಿ. ಟೆಸ್ಟ್ ಮುಗಿಸಿ ಬಿಲ್ ಹಿಡಿದುಕೊಂಡು ಹೋದರೆ ಓಡಾಟ ಜಾಸ್ತಿ.

ಸ್ಲೈಡ್_ಮೇಜು
ನಾನು ಮಂಗಳೂರಿನಲ್ಲಿ ಸೈಟಾಲಜಿ (ಜೀವಕೋಶ ಪರೀಕ್ಷೆ) ಲ್ಯಾಬಿನಲ್ಲಿ ಕೆಲಸ ಮಾಡುವವನು. ಡಾಕ್ಟರಲ್ಲ, ಟೆಕ್ನಿಷಿಯನ್. ಸ್ವಲ್ಪ ಉದ್ದ ಬರೆಯುತ್ತೇನೆ, ಸಹಿಸಿಕೊಳ್ಳಿ.

ಶ್ವಾಸಕೋಶಕ್ಕೆ ಹಾಕುವ ಸೂಜಿ ಎರಡು ತರಹ. ಒಂದು ಕೋರ್. 18 ಗೇಜ್ ಅಂದರೆ ಹೊರಗಿನ ಅಳತೆ ಸುಮಾರು 1.3 ಮಿಲಿಮೀಟರ್. ಅದರಲ್ಲಿ ಬರುವುದು ಒಂದೆರಡು ಸೆಂಟಿಮೀಟರ್ ಉದ್ದದ ದಾರದಂಥ ತುಂಡು. ಇನ್ನೊಂದು ಎಫ್‌ಎನ್‌ಎ. 22 ಗೇಜ್, ಅಂದರೆ 0.7 ಮಿಲಿಮೀಟರ್. ಅದರಲ್ಲಿ ತುಂಡು ಬರುವುದಿಲ್ಲ, ಬಿಡಿಬಿಡಿ ಜೀವಕೋಶ ಬರುತ್ತದೆ. ಅದನ್ನು ಸ್ಲೈಡಿನ ಮೇಲೆ ಬಳಿದರೆ ಸ್ಮಿಯರ್. ಸೂಜಿ ತೊಳೆದ ದ್ರವವನ್ನು ಮೆಷಿನ್‌ನಲ್ಲಿ ಜೋರಾಗಿ ತಿರುಗಿಸಿ, ಕೆಳಗೆ ಕೂತದ್ದನ್ನು ಮೇಣದಲ್ಲಿ ಹುಗಿದರೆ ಸೆಲ್ ಬ್ಲಾಕ್.

ಇಷ್ಟು ಸಣ್ಣ ಸ್ಯಾಂಪಲ್‌ನಲ್ಲಿ ಜೀನ್ ಟೆಸ್ಟ್ ಆಗುತ್ತದಾ? ಖಂಡಿತ ಆಗುತ್ತದೆ. ಮುಖ್ಯವಾದದ್ದು ತುಂಡಿನ ಗಾತ್ರ ಅಲ್ಲ. ಅದರೊಳಗೆ ಟ್ಯೂಮರ್ ಕೋಶ ಎಷ್ಟು, ಆರೋಗ್ಯವಂತ ಕೋಶ, ರಕ್ತ, ಸತ್ತ ಭಾಗ ಎಷ್ಟು ಅನ್ನುವುದು. ದೊಡ್ಡ ತುಂಡು ತೆಗೆದು ಅದರಲ್ಲಿ ಬರೀ ಕೊಳೆತ ಭಾಗ ಬಂದರೆ ಏನೂ ಸಿಗುವುದಿಲ್ಲ. ಎನ್‌ಜಿಎಸ್ (ಬಹಳ ಜೀನ್ ಒಟ್ಟಿಗೆ ನೋಡುವ ಟೆಸ್ಟ್) ಮಾಡುವ ಲ್ಯಾಬ್‌ಗಳು ಸಾಮಾನ್ಯವಾಗಿ 20% ಟ್ಯೂಮರ್ ಕೋಶ ಇರಲಿ ಅಂತ ಬಯಸುತ್ತವೆ. ಒಂದೆರಡು ಜೀನ್ ಮಾತ್ರ ನೋಡುವ ಪಿಸಿಆರ್‌ಗೆ ಅದಕ್ಕಿಂತ ಕಮ್ಮಿ ಇದ್ದರೂ ನಡೆಯುತ್ತದೆ.

ಹಾಗಾದರೆ ಸ್ಯಾಂಪಲ್ ಎಲ್ಲಿ ಖಾಲಿಯಾಗುತ್ತದೆ? ಬಹಳ ಸಲ ನಮ್ಮಲ್ಲೇ. ಬ್ಲಾಕಿನಿಂದ ನಾವು 4 ಮೈಕ್ರಾನ್ ದಪ್ಪದ ಪದರ ಕತ್ತರಿಸುತ್ತೇವೆ. ಬ್ಲಾಕನ್ನು ಮೆಷಿನ್‌ಗೆ ಪ್ರತಿ ಸಲ ಹಾಕಿದಾಗಲೂ ಮಟ್ಟ ಬರುವ ತನಕ ಒಂದಷ್ಟು ಪದರ ಕಸದ ಬುಟ್ಟಿಗೆ ಹೋಗುತ್ತದೆ. ಮೊದಲು ಮಾಮೂಲಿ ಬಣ್ಣ, ಅಂದರೆ ಸ್ಟೇನ್‌ಗೆ ಕತ್ತರಿಸಿದರು. ನಾಳೆ ಯಾರೋ ಕ್ಯಾನ್ಸರಿನ ಬಗೆ ತಿಳಿಯಲು ಹಾಕುವ ವಿಶೇಷ ಸ್ಟೇನ್ ಐಎಚ್‌ಸಿ ಕೇಳಿದರು, ಮತ್ತೆ ಮಟ್ಟ ಮಾಡಿದರು. ನಾಡಿದ್ದು ಇನ್ನೆರಡು ಮಾರ್ಕರ್ ಕೇಳಿದರು. ದಾರ ಮುಗಿಯಿತು! ಶ್ವಾಸಕೋಶದ ಗಡ್ಡೆ ಅಂತ ಮೊದಲೇ ಗೊತ್ತಿದ್ದರೆ ಒಂದೇ ಸಲ ಕೂತು, ಬಣ್ಣ ಹಾಕದ ಪದರಗಳನ್ನೂ ತೆಗೆದಿಡಬೇಕು. ಅಡಿನೋ ಅಥವಾ ಸ್ಕ್ವೇಮಸ್ ಬಗೆ ಅಂತ ಬೇರೆ ಮಾಡಲು ಹೆಚ್ಚಿನ ಸಲ ಟಿಟಿಎಫ್-1, ಪಿ40 ಎರಡು ಮಾರ್ಕರ್ ಸಾಕು. ಎಂಟು ಹತ್ತು ಸ್ಟೇನ್ ಹಾಕಿದ ರಿಪೋರ್ಟ್ ನೋಡಲು ಚೆಂದ. ಆದರೆ ಬ್ಲಾಕಿನಲ್ಲಿ ಏನೂ ಉಳಿದಿರುವುದಿಲ್ಲ.

ಈಗ ನಿಮಗೆ ಒಂದು ಪ್ರಶ್ನೆ. ಆ ದಿನ ಸಿಟಿ ರೂಮಿನ ಹತ್ತಿರ ಯಾರಾದರೂ ಗಾಜಿನ ಸ್ಲೈಡ್ ಹಿಡಿದುಕೊಂಡು ಓಡಾಡಿದ್ದು ನೆನಪಿದೆಯಾ? ರಿಪೋರ್ಟಿನಲ್ಲಿ ಸ್ಮಿಯರ್ ಅಂತ ಎಲ್ಲಾದರೂ ಬರೆದಿದೆಯಾ?

ಕಕ್ಕಬ್ಬೆ_ಏಲಕ್ಕಿ
ಈಗ ತೆಗೆದು ನೋಡಿದೆ. "ಎಫ್‌ಎನ್‌ಎ ಸ್ಮಿಯರ್ ಮತ್ತು ಕೋರ್" ಅಂತ ಇದೆ. ಸ್ಮಿಯರ್ 6, ಸೆಲ್ಯುಲಾರಿಟಿ ಒಳ್ಳೆಯದಿದೆ ಅಂತ ಒಂದು ಸಾಲೂ ಇದೆ. ಬೆಂಗಳೂರಿಗೆ ಹೋದದ್ದು ಕೋರ್ ಬ್ಲಾಕ್ ಮಾತ್ರ.

ಸ್ಲೈಡ್_ಮೇಜು
ಅದೇ ನನಗೆ ಬೇಕಿತ್ತು. ಆ ಸ್ಮಿಯರ್‌ಗಳು ಲ್ಯಾಬಿನ ಕಪಾಟಿನಲ್ಲಿ ಇರುತ್ತವೆ. ಅವುಗಳಿಂದಲೂ ಡಿಎನ್‌ಎ ತೆಗೆಯಬಹುದು. ಸ್ಲೈಡ್ ಮೇಲಿನ ಗಾಜು ಬಿಡಿಸಿ, ಟ್ಯೂಮರ್ ಇರುವ ಜಾಗ ಗುರುತಿಸಿ, ಅಲ್ಲಿಂದ ಕೆರೆದು ತೆಗೆಯುತ್ತಾರೆ. ಬ್ಲಾಕ್ ಮಾಡುವ ಮೊದಲು ತುಂಡನ್ನು ಹಾಕಿಡುವ ಫಾರ್ಮಲಿನ್ ಡಿಎನ್‌ಎಯನ್ನು ಅಷ್ಟಿಷ್ಟು ಹಾಳು ಮಾಡುತ್ತದೆ. ಸ್ಮಿಯರ್ ಫಾರ್ಮಲಿನ್‌ಗೆ ಹೋಗುವುದಿಲ್ಲ. ಒಂದೋ ಗಾಳಿಯಲ್ಲಿ ಒಣಗಿಸುತ್ತಾರೆ, ಇಲ್ಲ ಆಲ್ಕೋಹಾಲ್‌ನಲ್ಲಿ ಅದ್ದುತ್ತಾರೆ. ಹಾಗಾಗಿ ಅದರ ಡಿಎನ್‌ಎ ಎಷ್ಟೋ ಸಲ ಬ್ಲಾಕಿಗಿಂತ ಚೆನ್ನಾಗಿರುತ್ತದೆ.

2013ರಲ್ಲಿ ಅಂತರರಾಷ್ಟ್ರೀಯ ಮಾರ್ಗಸೂಚಿ ಬಂದಾಗ ಸ್ಮಿಯರ್‌ಗಿಂತ ಸೆಲ್ ಬ್ಲಾಕ್ ಮೇಲು ಅಂದಿದ್ದರು. 2018ರಲ್ಲಿ ಅದನ್ನು ಬದಲಾಯಿಸಿದರು. ಸೆಲ್ ಬ್ಲಾಕ್ ಆಗಲಿ, ಬೇರೆ ಸೈಟಾಲಜಿ ಸ್ಯಾಂಪಲ್ ಆಗಲಿ, ಎರಡೂ ನಡೆಯುತ್ತದೆ ಅಂದರು. ಆದರೂ ಹಳೆಯ ಅಭ್ಯಾಸದಲ್ಲಿ ಎಲ್ಲರೂ ಬ್ಲಾಕನ್ನೇ ಕಳಿಸುತ್ತಾರೆ. ಸ್ಮಿಯರ್ ನೆನಪಾಗುವುದೇ ಇಲ್ಲ. ಟೆಸ್ಟ್ ಮಾಡುವ ಲ್ಯಾಬ್ ಸ್ಮಿಯರ್ ತೆಗೆದುಕೊಳ್ಳುತ್ತದಾ ಅಂತ ಫೋನ್ ಮಾಡಿ ಕೇಳಿ. ತಮ್ಮಲ್ಲಿ ಪರೀಕ್ಷಿಸಿ ಒಪ್ಪಿಕೊಂಡ ಲ್ಯಾಬ್‌ಗಳು ಮಾತ್ರ ಮಾಡುತ್ತವೆ.

ಒಂದು ತೊಡಕು ಇದೆ. ಕೆರೆದ ಸ್ಲೈಡ್ ವಾಪಸ್ ಬರುವುದಿಲ್ಲ. ಹಾಗಾಗಿ ಮೊದಲು ಫೋಟೋ ತೆಗೆದಿಟ್ಟು, ಕನಿಷ್ಠ ಒಂದು ಸ್ಲೈಡನ್ನು ರೋಗದ ಸಾಕ್ಷಿಯಾಗಿ ಉಳಿಸಿಕೊಳ್ಳುವುದು ವಾಡಿಕೆ. 6ರಲ್ಲಿ 2 ಕೊಟ್ಟರೂ ಸಾಕಾಗಬಹುದು.

ಉಸಿರಾಟದ_ವೈದ್ಯ
ಮೈಸೂರಿನಲ್ಲಿ ಶ್ವಾಸಕೋಶ ತಜ್ಞನಾಗಿ ಕೆಲಸ ಮಾಡುತ್ತೇನೆ. ಮೇಲಿನವರು ಹೇಳಿದ್ದು ಸರಿಯಾಗಿದೆ. ನಾನು ಚಿಕ್ಕಪ್ಪನವರ ಮಾತಿಗೆ ಬರುತ್ತೇನೆ.

ಶ್ವಾಸಕೋಶದ ಕ್ಯಾನ್ಸರ್‌ನಲ್ಲಿ ಹೆಚ್ಚಿನವರು ನಮ್ಮ ಹತ್ತಿರ ಬರುವಾಗಲೇ ಕಾಯಿಲೆ ಮುಂದುವರಿದಿರುತ್ತದೆ. ಲಿವರ್‌ಗೆ ಹೋಗಿದ್ದರೆ ಎದೆ ತೆರೆದು ಗಡ್ಡೆ ತೆಗೆದು ಪ್ರಯೋಜನ ಇಲ್ಲ. ಬರೀ ಟೆಸ್ಟ್‌ಗೋಸ್ಕರ ಅಷ್ಟು ದೊಡ್ಡ ಆಪರೇಷನ್ ಮಾಡಿಸಿದರೆ ಗಾಯ ಮಾಗುವ ತನಕ ಚಿಕಿತ್ಸೆ ಶುರು ಮಾಡಲು ಆಗುವುದಿಲ್ಲ. ಆ ಸಮಯ ಅವರಿಗೆ ಬಹಳ ಬೆಲೆಬಾಳುವಂಥದ್ದು. ಸೂಜಿಯ ಸಣ್ಣ ಸ್ಯಾಂಪಲ್ಲೇ ಈ ಕಾಯಿಲೆಯಲ್ಲಿ ಸಾಮಾನ್ಯ ದಾರಿ.

ಸ್ಮಿಯರ್ ಸಿಗಲಿಲ್ಲ ಅಥವಾ ಸಾಲಲಿಲ್ಲ ಅಂದರೆ ಮುಂದೆ ಏನು? ಎದೆಯ ನಡುವಿನ ಗ್ರಂಥಿ ಊದಿದೆ ಅಂದಿರಲ್ಲ. ಅದಕ್ಕೆ ಇಬಸ್ ಅಂತ ಇದೆ. ಬಾಯಿಯಿಂದ ತೆಳು ಕೊಳವೆ ಶ್ವಾಸನಾಳಕ್ಕೆ ಹೋಗುತ್ತದೆ. ಅದರ ತುದಿಯಲ್ಲಿ ಅಲ್ಟ್ರಾಸೌಂಡ್. ಗ್ರಂಥಿಯನ್ನು ನೋಡಿಕೊಂಡೇ ಶ್ವಾಸನಾಳದ ಗೋಡೆಯ ಮೂಲಕ ಸೂಜಿ ಹಾಕುತ್ತೇವೆ. ಮಂಪರು ಔಷಧಿ ಕೊಡುತ್ತೇವೆ. ಹೆಚ್ಚಿನವರು ಅದೇ ದಿನ ಮನೆಗೆ ಹೋಗುತ್ತಾರೆ. ಸಿಟಿ ಸೂಜಿಯಲ್ಲಿ ನೂರಕ್ಕೆ 15ರಿಂದ 25 ಜನರಿಗೆ ಶ್ವಾಸಕೋಶದ ಸುತ್ತ ಸ್ವಲ್ಪ ಗಾಳಿ ಸೋರುತ್ತದೆ. ಅವರಲ್ಲಿ ಟ್ಯೂಬ್ ಹಾಕಬೇಕಾದವರು ಕೆಲವರೇ. ಇಬಸ್‌ನಲ್ಲಿ ಹೀಗಾಗುವುದು ತೀರಾ ಅಪರೂಪ. ಲಿವರ್‌ನ ಚುಕ್ಕೆ ಸುಲಭವಾಗಿ ಸಿಗುವ ಜಾಗದಲ್ಲಿದ್ದರೆ ಅಲ್ಲಿಂದಲೂ ತೆಗೆಯಬಹುದು. ಯಾವುದು ಸುಲಭ, ಯಾವುದರಲ್ಲಿ ಜೀವಂತ ಟ್ಯೂಮರ್ ಜಾಸ್ತಿ ಅನ್ನುವುದನ್ನು ಸ್ಕ್ಯಾನ್ ನೋಡಿ ನಿರ್ಧರಿಸುತ್ತಾರೆ.

ಎಲ್ಲಿಗೇ ಹೋಗಿ, ಸೂಜಿ ಹಾಕುವ ಮೊದಲು ಒಂದು ಮಾತು ಹೇಳಿ: "ಇದು ಜೀನ್ ಟೆಸ್ಟ್‌ಗೂ ಬೇಕು, ಪಿಡಿ-ಎಲ್1ಗೂ ಬೇಕು." ಪಿಡಿ-ಎಲ್1 ಅಂದರೆ ಇಮ್ಯುನೋಥೆರಪಿ (ದೇಹದ ರೋಗನಿರೋಧಕ ಶಕ್ತಿಯನ್ನೇ ಎಬ್ಬಿಸುವ ಚಿಕಿತ್ಸೆ) ಎಷ್ಟು ಉಪಯೋಗವಾದೀತು ಅಂತ ಅಂದಾಜಿಸಲು ನೋಡುವ ಪ್ರೋಟೀನ್. ರಿಕ್ವೆಸ್ಟ್ ಫಾರ್ಮಿನಲ್ಲೂ ಎರಡನ್ನೂ ಬರೆಸಿ. ರೋಗ ಗುರುತಿಸಲು ಸಾಮಾನ್ಯವಾಗಿ ಮೂರು ಸಲ ಸೂಜಿ ಆಡಿಸುತ್ತೇವೆ. ಜೀನ್ ಟೆಸ್ಟ್ ಬೇಕು ಅಂತ ಗೊತ್ತಿದ್ದರೆ ಇನ್ನೂ ಒಂದೆರಡು ಸಲ ಆಡಿಸಿ ಅದನ್ನು ನೇರವಾಗಿ ಸೆಲ್ ಬ್ಲಾಕ್‌ಗೆ ಹಾಕುತ್ತೇವೆ. ಪಕ್ಕದಲ್ಲೇ ಸೈಟಾಲಜಿಯವರು ಕೂತು ಒಂದು ಸ್ಲೈಡಿಗೆ ಬಣ್ಣ ಹಾಕಿ ನೋಡಿ "ಟ್ಯೂಮರ್ ಬಂದಿದೆ" ಅಂದರೆ ಇನ್ನೂ ಒಳ್ಳೆಯದು. ಇದನ್ನು ರೋಸ್ ಅಂತೀವಿ. ಎಲ್ಲ ಕಡೆ ಈ ಸೌಲಭ್ಯ ಇಲ್ಲ. ಇದೆಯಾ ಅಂತ ಕೇಳಲು ಸಂಕೋಚ ಬೇಡ. ಪಿಡಿ-ಎಲ್1 ನೋಡಲು ಕನಿಷ್ಠ 100 ಜೀವಂತ ಟ್ಯೂಮರ್ ಕೋಶ ಬೇಕು. ಅದು ಸ್ಮಿಯರ್‌ಗಿಂತ ಬ್ಲಾಕಿನಲ್ಲೇ ಚೆನ್ನಾಗಿ ಆಗುತ್ತದೆ.

ಲಿಕ್ವಿಡ್ ಬಯಾಪ್ಸಿ ಒಳ್ಳೆಯ ಟೆಸ್ಟ್. ಆದರೆ ಅದರ ಉತ್ತರವನ್ನು ಓದುವ ರೀತಿ ಬೇರೆ. ರಕ್ತದಲ್ಲಿ ಜೀನ್ ಬದಲಾವಣೆ ಸಿಕ್ಕಿತು ಅಂದರೆ ನಂಬಿ ಚಿಕಿತ್ಸೆ ಶುರು ಮಾಡಬಹುದು. ಸಿಗಲಿಲ್ಲ ಅಂದರೆ "ಇಲ್ಲ" ಅಂತ ಅರ್ಥ ಅಲ್ಲ. ಗಡ್ಡೆಯಲ್ಲಿ ಇಜಿಎಫ್ಆರ್ ಅನ್ನುವ ಜೀನಿನ ಬದಲಾವಣೆ ಇದ್ದೂ ರಕ್ತದಲ್ಲಿ ಕಾಣದವರು ಸುಮಾರು ಮೂವರಲ್ಲಿ ಒಬ್ಬರು ಇರುತ್ತಾರೆ. ಆಗ ಮತ್ತೆ ಸೂಜಿಗೇ ಬರಬೇಕು.

ಸ್ಲೈಡ್_ಮೇಜು
ರಕ್ತದ ವಿಷಯದಲ್ಲಿ ಒಂದು ಸೇರಿಸುತ್ತೇನೆ. ಮಾಮೂಲಿ ಇಡಿಟಿಎ ಟ್ಯೂಬಿನಲ್ಲಿ ತೆಗೆದ ರಕ್ತವನ್ನು ಕೆಲವೇ ಗಂಟೆಯೊಳಗೆ ತಿರುಗಿಸಿ ಪ್ಲಾಸ್ಮಾ ಬೇರೆ ಮಾಡಬೇಕು. ಇಲ್ಲದಿದ್ದರೆ ಬಿಳಿ ರಕ್ತಕಣ ಒಡೆದು ಅದರ ಡಿಎನ್‌ಎ ಸೇರಿಕೊಳ್ಳುತ್ತದೆ. ಕಕ್ಕಬ್ಬೆಯಿಂದ ಬೆಂಗಳೂರಿಗೆ ಬಸ್ಸಿನಲ್ಲಿ ಕಳಿಸಿದರೆ ಕಥೆ ಮುಗೀತು. ಇದಕ್ಕೇ ಬೇರೆ ಟ್ಯೂಬ್ ಬರುತ್ತದೆ, ಅದರಲ್ಲಿ ದಿನಗಟ್ಟಲೆ ತಡೆಯುತ್ತದೆ. ಟೆಸ್ಟ್ ಮಾಡುವ ಲ್ಯಾಬಿನವರೇ ಆ ಟ್ಯೂಬ್ ಕೊಡುತ್ತಾರೆ. ಫ್ರೀಜರಿಗೆ ಮಾತ್ರ ಹಾಕಬಾರದು.

ಬಾಳೆಲೆ_ಗಾಳಿ
ಓ, ಇಷ್ಟೆಲ್ಲ ಇದೆ ಅಂತ ಗೊತ್ತಿರಲಿಲ್ಲ. ಧನ್ಯವಾದ.

ಕುಶಾಲನಗರ_ಔಷಧಿ
ನಾನು ಔಷಧಿ ಅಂಗಡಿಯವನು. ನೇರವಾಗಿ ಹೇಳುತ್ತೇನೆ. ಇಜಿಎಫ್ಆರ್ ಬದಲಾವಣೆಗೆ ಕೊಡುವ ಗೆಫಿಟಿನಿಬ್ ಮಾತ್ರೆಯ ಜನೆರಿಕ್ ಈಗ ಅಷ್ಟೇನೂ ದುಬಾರಿ ಅಲ್ಲ. ಬೀಡಿ ಸೇದದ ಹೆಂಗಸು, ಅಡಿನೋಕಾರ್ಸಿನೋಮಾ. ಎಲ್ಲ ಲಕ್ಷಣ ಹೊಂದುತ್ತದೆ. ಟೆಸ್ಟ್‌ಗೆ ಅಲೆಯುವ ಬದಲು ಮಾತ್ರೆ ಶುರು ಮಾಡಿಸಿ ನೋಡಬಾರದಾ? ಹಾಗೆ ಮಾಡಿದವರನ್ನು ನೋಡಿದ್ದೇನೆ.

ಉಸಿರಾಟದ_ವೈದ್ಯ
ದಯವಿಟ್ಟು ಬೇಡ. ಇದಕ್ಕೆ ಉತ್ತರ 2009ರಲ್ಲೇ ಸಿಕ್ಕಿದೆ. ಐಪಾಸ್ ಅನ್ನುವ ದೊಡ್ಡ ಅಧ್ಯಯನ ಪೂರ್ವ ಏಷ್ಯಾದಲ್ಲಿ ನಡೆಯಿತು. ಅದಕ್ಕೆ ಸೇರಿಸಿಕೊಂಡದ್ದು ನೀವು ಹೇಳಿದಂಥವರನ್ನೇ. ಅಡಿನೋಕಾರ್ಸಿನೋಮಾ ಇರುವವರು, ಸೇದದವರು ಅಥವಾ ಬಹಳ ಹಿಂದೆ ಸ್ವಲ್ಪ ಸೇದಿ ಬಿಟ್ಟವರು, ಹೆಚ್ಚಿನವರು ಹೆಂಗಸರು. ಪರೀಕ್ಷಿಸಲು ಸಾಧ್ಯವಾದವರಲ್ಲಿ ಸುಮಾರು 60% ಜನರಿಗೆ ಇಜಿಎಫ್ಆರ್ ಬದಲಾವಣೆ ಇತ್ತು. ಅವರಿಗೆ ಗೆಫಿಟಿನಿಬ್ ಮಾತ್ರೆ ಕೀಮೋಗಿಂತ ಚೆನ್ನಾಗಿ ಕೆಲಸ ಮಾಡಿತು. ಬದಲಾವಣೆ ಇಲ್ಲದವರಲ್ಲಿ ಉಲ್ಟಾ ಆಯಿತು. ಮಾತ್ರೆ ತಿಂದವರಲ್ಲಿ ಕಾಯಿಲೆ ಕೀಮೋ ತೆಗೆದುಕೊಂಡವರಿಗಿಂತ ಬೇಗ ಬೆಳೆಯಿತು. ಅಷ್ಟು ಆರಿಸಿ ತೆಗೆದುಕೊಂಡ ಗುಂಪಿನಲ್ಲೇ ಹತ್ತರಲ್ಲಿ ನಾಲ್ವರ ವಿಷಯದಲ್ಲಿ ಊಹೆ ತಪ್ಪಿತು. ಭಾರತದ ಅಡಿನೋಕಾರ್ಸಿನೋಮಾದಲ್ಲಿ ಇಜಿಎಫ್ಆರ್ ಸಿಗುವುದು ಒಟ್ಟಾರೆ ನಾಲ್ವರಲ್ಲಿ ಒಬ್ಬರು, ಹೆಚ್ಚೆಂದರೆ ಮೂವರಲ್ಲಿ ಒಬ್ಬರಿಗೆ.

ಇನ್ನೂ ಒಂದು. ಇಜಿಎಫ್ಆರ್ ಇಲ್ಲದಿದ್ದರೆ ಇನ್ನೊಂದು ಜೀನ್ ಬದಲಾವಣೆ, ಎಎಲ್‌ಕೆ ಇರಬಹುದು. ಅದು ನೂರಕ್ಕೆ 3ರಿಂದ 5 ಜನರಿಗೆ, ಸೇದದವರಲ್ಲಿ ಇನ್ನೂ ಜಾಸ್ತಿ. ಅದಕ್ಕೆ ಬೇರೆ ಮಾತ್ರೆ. ಆಮೇಲೆ ಆರ್‌ಒಎಸ್1, ಆರ್‌ಇಟಿ, ಎಂಇಟಿ, ಹೀಗೆ ಪಟ್ಟಿ ಇದೆ. ಸ್ಯಾಂಪಲ್ ಕಮ್ಮಿ ಇದ್ದಾಗ ಒಂದೊಂದೇ ಟೆಸ್ಟ್ ಮಾಡಿ ಮುಗಿಸುವುದಕ್ಕಿಂತ ಎನ್‌ಜಿಎಸ್‌ನಲ್ಲಿ ಎಲ್ಲ ಒಟ್ಟಿಗೆ ನೋಡುವುದು ಮೇಲು. ಕೈಯಲ್ಲಿ ಹಣ ಇಲ್ಲದಿದ್ದರೆ ಮೊದಲು ಇಜಿಎಫ್ಆರ್, ಎಎಲ್‌ಕೆ ಮಾಡಿಸಿ, ಉಳಿದ ಸ್ಯಾಂಪಲ್ ಜೋಪಾನವಾಗಿಡಿ. ಅದೂ ತಪ್ಪಲ್ಲ.

ಉಸಿರು ಕಟ್ಟುವಷ್ಟು ತೊಂದರೆ ಇದ್ದರೆ ಟೆಸ್ಟ್ ಬರುವ ತನಕ ಒಂದು ಸುತ್ತು ಕೀಮೋ ಕೊಡುತ್ತಾರೆ. ಆದರೆ ಜೀನ್ ರಿಪೋರ್ಟ್ ಬರುವ ಮೊದಲು ಇಮ್ಯುನೋಥೆರಪಿ ಶುರು ಮಾಡುವುದು ಬೇಡ. ಅದರ ಹಿಂದೆಯೇ ಇಜಿಎಫ್ಆರ್‌ನ ಇನ್ನೊಂದು ಮಾತ್ರೆ ಒಸಿಮರ್ಟಿನಿಬ್ ಕೊಡಬೇಕಾಗಿ ಬಂದರೆ ಶ್ವಾಸಕೋಶ ಉರಿಯೂತದ ಅಪಾಯ ಜಾಸ್ತಿ.

ಕುಶಾಲನಗರ_ಔಷಧಿ
ಸರಿ ಡಾಕ್ಟ್ರೇ, ಒಪ್ಪಿದೆ. ಬೆಲೆ ಬಗ್ಗೆ ಒಂದು ಮಾತು. ಒಸಿಮರ್ಟಿನಿಬ್ ಮೇಲಿನ ಕಸ್ಟಮ್ಸ್ ಸುಂಕವನ್ನು 2024ರ ಜುಲೈ ಬಜೆಟ್‌ನಲ್ಲಿ ತೆಗೆದರು. ಆದರೂ ಸಾಮಾನ್ಯರ ಕೈಗೆ ಸಿಗುವ ಬೆಲೆ ಅಲ್ಲ. ಕಂಪನಿಗಳ ರೋಗಿ ಸಹಾಯ ಯೋಜನೆ ಇರುತ್ತದೆ, ಆಸ್ಪತ್ರೆಯ ಸಮಾಜ ಕಾರ್ಯಕರ್ತರನ್ನು ಕೇಳಿ. ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದ ತನಕ ಇದೆ. ಯಾವ ಟೆಸ್ಟ್ ಸೇರಿದೆ, ಯಾವುದು ಇಲ್ಲ ಅನ್ನುವುದನ್ನು ಆರೋಗ್ಯ ಮಿತ್ರರ ಹತ್ತಿರ ಮೊದಲೇ ಕೇಳಿ.

ವಿರಾಜಪೇಟೆ_ಬಸ್‌ಸ್ಟ್ಯಾಂಡ್
ಎಲ್ಲರೂ ಮೈಸೂರು, ಬೆಂಗಳೂರು ಅಂತೀರಿ. ನಮ್ಮ ಕಡೆಯ ಬಹಳ ಜನ ಮಾಕುಟ್ಟ ಇಳಿದು ಇರಿಟ್ಟಿ ಮೇಲೆ ತಲಶ್ಶೇರಿಯ ಮಲಬಾರ್ ಕ್ಯಾನ್ಸರ್ ಸೆಂಟರ್‌ಗೆ ಹೋಗುತ್ತಾರೆ. ಕಕ್ಕಬ್ಬೆಯವರಿಗೆ ಅದು ಬೆಂಗಳೂರಿನ ಕಿದ್ವಾಯಿಗಿಂತ ಎಷ್ಟೋ ಹತ್ತಿರ. ಆದರೆ ಕರ್ನಾಟಕದ ಕಾರ್ಡ್ ಅಲ್ಲಿ ನಡೆಯುತ್ತದಾ ಅಂತ ಫೋನ್ ಮಾಡಿ ಕೇಳಿಯೇ ಹೊರಡಿ. ಮಳೆಗಾಲದಲ್ಲಿ ಘಾಟ್ ರಸ್ತೆ ನಂಬಿ ಕೂರಬೇಡಿ. 2018ರ ಆಗಸ್ಟ್‌ನಲ್ಲಿ ಸಂಪಾಜೆ ರಸ್ತೆ ಮುಚ್ಚಿದಾಗ ಮಂಗಳೂರಿಗೆ ಹೋಗಬೇಕಾದ ರೋಗಿಗಳು ಪಟ್ಟ ಪಾಡು ನೆನಪಿದೆ. ಅಪಾಯಿಂಟ್‌ಮೆಂಟ್‌ಗೆ ಹಿಂದಿನ ದಿನವೇ ಇಳಿದು ಉಳಿದುಕೊಳ್ಳುವುದು ಒಳ್ಳೆಯದು.

ಉಸಿರಾಟದ_ವೈದ್ಯ
ಘಾಟ್ ಮಾತು ಬಂದದ್ದು ಒಳ್ಳೆಯದಾಯಿತು. ಇದನ್ನು ಬೇರೆ ಊರಿನವರಿಗೆ ಹೇಳಬೇಕಾಗುವುದಿಲ್ಲ, ಕೊಡಗಿನವರಿಗೆ ಹೇಳಬೇಕು. ಸಿಟಿ ಸೂಜಿಯ ನಂತರ ಎದೆಯಲ್ಲಿ ಸ್ವಲ್ಪ ಗಾಳಿ ಉಳಿದಿದ್ದರೆ, ಎತ್ತರಕ್ಕೆ ಹೋದ ಹಾಗೆ ಆ ಗಾಳಿ ಹಿಗ್ಗುತ್ತದೆ. ವಿಮಾನ ಬೇಡ ಅನ್ನುವುದು ಇದಕ್ಕೇ. ಮಂಗಳೂರು ಸಮುದ್ರದ ಮಟ್ಟದಲ್ಲಿದೆ. ಮಡಿಕೇರಿ ಸುಮಾರು 1,150 ಮೀಟರ್ ಎತ್ತರ. ಅಷ್ಟು ಏರಿದರೆ ಒಳಗಿನ ಗಾಳಿ ಸುಮಾರು ಹದಿನೈದು ಪರ್ಸೆಂಟ್ ದೊಡ್ಡದಾಗುತ್ತದೆ. ಹೆಚ್ಚಿನವರಿಗೆ ಏನೂ ಆಗದೇ ಇರಬಹುದು. ಆದರೆ ದಾರಿಯಲ್ಲಿ ಉಸಿರು ಕಟ್ಟಿದರೆ ಸಂಪಾಜೆಯ ತಿರುವಿನಲ್ಲಿ ಯಾರೂ ಇರುವುದಿಲ್ಲ. ಸೂಜಿ ನಂತರದ ಎಕ್ಸ್‌ರೇ ನೋಡಿದ ಡಾಕ್ಟರ್ "ಘಾಟ್ ಹತ್ತಬಹುದು" ಅಂದ ಮೇಲೆ ಹೊರಡಿ. ಆ ರಾತ್ರಿ ಕೆಳಗೇ ಉಳಿದರೆ ಇನ್ನೂ ಒಳ್ಳೆಯದು. ರಕ್ತ ತೆಳುವಾಗಿಸುವ ಮಾತ್ರೆ ತಿನ್ನುತ್ತಿದ್ದರೆ ಅದನ್ನೂ ಮೊದಲೇ ಹೇಳಿ.

ಕಕ್ಕಬ್ಬೆ_ಏಲಕ್ಕಿ
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಲ್ಯಾಬಿಗೆ ಫೋನ್ ಮಾಡಿದೆ. ಸ್ಮಿಯರ್ ತೆಗೆದುಕೊಳ್ಳುತ್ತೇವೆ, ಆದರೆ ಕವರ್ ಗಾಜು ಹಾಕಿದ್ದು, ಟ್ಯೂಮರ್ ಚೆನ್ನಾಗಿರುವ ಸ್ಲೈಡನ್ನು ಪ್ಯಾಥಾಲಜಿಸ್ಟ್ ಆರಿಸಿ ಗುರುತು ಹಾಕಿ ಕೊಡಬೇಕು ಅಂದರು. ಸೂಜಿ ಹಾಕಿದ ಆಸ್ಪತ್ರೆಗೆ ಏನಂತ ಕೇಳಲಿ? ಕೊಡುತ್ತಾರಾ?

ಸ್ಲೈಡ್_ಮೇಜು
ಕೊಡುತ್ತಾರೆ. ಇದು ದಿನಾ ನಡೆಯುವ ಕೆಲಸ. ರಿಪೋರ್ಟಿನ ಮೇಲಿರುವ ಲ್ಯಾಬ್ ನಂಬರ್ ಬರೆದು, ಕ್ಯಾನ್ಸರ್ ಡಾಕ್ಟರ ಚೀಟಿ ಇಟ್ಟು ಅರ್ಜಿ ಕೊಡಿ. ಸಹಿ ಹಾಕಿಸಿಕೊಂಡು ಕೊಡುತ್ತಾರೆ. ಉಳಿದ ಬ್ಲಾಕನ್ನೂ ತೆಗೆದುಕೊಳ್ಳಿ, ಪಿಡಿ-ಎಲ್1ಗೆ ಒಂದೆರಡು ಪದರ ಸಿಕ್ಕರೂ ಸಿಗಬಹುದು. ಸ್ಲೈಡನ್ನು ಪ್ಲಾಸ್ಟಿಕ್ ಸ್ಲೈಡ್ ಪೆಟ್ಟಿಗೆಯಲ್ಲೇ ಇಡಿ, ಪೇಪರಿನಲ್ಲಿ ಸುತ್ತಬೇಡಿ. ಬ್ಲಾಕಿಗೆ ಐಸ್ ಬೇಕಿಲ್ಲ. ಆದರೆ ಬಿಸಿಲಲ್ಲಿ ನಿಲ್ಲಿಸಿದ ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಇಡಬೇಡಿ, ಮೇಣ ಕರಗುತ್ತದೆ. ಕೊರಿಯರ್‌ಗಿಂತ ಕೈಯಲ್ಲೇ ಕೊಂಡುಹೋಗುವವರು ಸಿಕ್ಕರೆ ನಾನು ಅದನ್ನೇ ಮಾಡುತ್ತೇನೆ. ಕಳೆದುಹೋದರೆ ಇನ್ನೊಂದು ಪ್ರತಿ ಇಲ್ಲ.

ಕಕ್ಕಬ್ಬೆ_ಏಲಕ್ಕಿ
ಅಪ್‌ಡೇಟ್. ಸ್ಮಿಯರ್‌ನಲ್ಲಿ ಡಿಎನ್‌ಎ ಸಾಕಷ್ಟು ಸಿಕ್ಕಿತು. ಮತ್ತೆ ಸೂಜಿ ಬೇಕಾಗಲಿಲ್ಲ. ಇಜಿಎಫ್ಆರ್ ಎಕ್ಸಾನ್ 21, ಎಲ್858ಆರ್ ಅಂತ ಬಂದಿದೆ. ಪಿಡಿ-ಎಲ್1 ಮಾತ್ರ ಆಗಲಿಲ್ಲ, ಬ್ಲಾಕಿನಲ್ಲಿ ನೂರು ಕೋಶ ಇರಲಿಲ್ಲವಂತೆ. ಈಗ ಅದು ತುರ್ತಾಗಿ ಬೇಡ ಅಂದರು. ಮಾತ್ರೆ ಶುರುವಾಗಿದೆ. ಮೈಮೇಲೆ ಗುಳ್ಳೆ ಎದ್ದಿವೆ, ಬಾಯಿ ಹುಣ್ಣು ಇದೆ. ಅವ್ವ ಬೈಯುತ್ತಾ ತಿನ್ನುತ್ತಿದ್ದಾರೆ. ಮಾವ ಈಗ ಸೂಜಿ ಸುದ್ದಿ ಎತ್ತುತ್ತಿಲ್ಲ.

ನಿವೃತ್ತ_ಹವಾಲ್ದಾರ್
ಬೈಯುವಷ್ಟು ಶಕ್ತಿ ಇದೆಯಲ್ಲ, ಒಳ್ಳೆಯದು. ಗುಳ್ಳೆಗೆ ಮುಲಾಮು ಬರೆಸಿಕೊಳ್ಳಿ, ತಾವೇ ಮಾತ್ರೆ ನಿಲ್ಲಿಸಬೇಡಿ.

ಶನಿವಾರಸಂತೆ_ಮಗ
ಇದೇ ಥ್ರೆಡ್‌ನಲ್ಲಿ ಕೇಳುತ್ತೇನೆ, ಕ್ಷಮಿಸಿ. ಅಪ್ಪನಿಗೂ ಶ್ವಾಸಕೋಶದ್ದೇ ಅಂತ ಸಂಶಯ. ಬೆನ್ನುಮೂಳೆಗೂ ಹೋಗಿದೆ. ಮೂಳೆಯಿಂದಲೇ ಸೂಜಿ ಬಯಾಪ್ಸಿ ಮಾಡೋಣ ಅಂದಿದ್ದಾರೆ. ಅದರಲ್ಲಿ ಜೀನ್ ಟೆಸ್ಟ್ ಆಗುತ್ತದಾ?

ಸ್ಲೈಡ್_ಮೇಜು
ಆಗಬಹುದು, ಆದರೆ ಹುಷಾರು. ಮೂಳೆ ಗಟ್ಟಿ ಇರುವುದರಿಂದ ಕತ್ತರಿಸುವ ಮೊದಲು ಮೆತ್ತಗೆ ಮಾಡಬೇಕು. ಮಾಮೂಲಿಯಾಗಿ ಆಸಿಡ್‌ನಲ್ಲಿ ಹಾಕುತ್ತಾರೆ. ಅದು ಕ್ಯಾಲ್ಸಿಯಂ ಜೊತೆ ಡಿಎನ್‌ಎಯನ್ನೂ ಹಾಳು ಮಾಡುತ್ತದೆ. ಇಡಿಟಿಎ ಅನ್ನುವ ರಾಸಾಯನಿಕದಲ್ಲಿ ಮಾಡಿದರೆ ನಿಧಾನ, ಆದರೆ ಡಿಎನ್‌ಎ ಉಳಿಯುತ್ತದೆ. "ಆಸಿಡ್ ಬೇಡ, ಜೀನ್ ಟೆಸ್ಟ್ ಇದೆ" ಅಂತ ಲ್ಯಾಬಿಗೆ ಮೊದಲೇ ಹೇಳಬೇಕು. ಮೂಳೆಯ ಪಕ್ಕದಲ್ಲಿ ಮೆತ್ತಗಿನ ಭಾಗ ಇದ್ದರೆ ಅಲ್ಲಿಂದ ತೆಗೆದು ಬೇರೆ ಡಬ್ಬಿಯಲ್ಲಿ ಹಾಕಲಿ. ಅಪ್ಪನಿಗೆ ಪಕ್ಕೆಯಲ್ಲಿ ನೀರು ತುಂಬಿದೆಯಾ?

ಶನಿವಾರಸಂತೆ_ಮಗ
ಎಡಗಡೆ ತುಂಬಿದೆ. ಉಸಿರಾಟಕ್ಕೆ ತೊಂದರೆ ಆಗುತ್ತಿರುವುದರಿಂದ ಗುರುವಾರ ತೆಗೆಯುತ್ತಾರಂತೆ.

ಉಸಿರಾಟದ_ವೈದ್ಯ
ಹಾಗಾದರೆ ಮೂಳೆಗೆ ಹೋಗುವ ಮೊದಲು ಆ ನೀರನ್ನೇ ಸೆಲ್ ಬ್ಲಾಕ್‌ಗೆ ಕಳಿಸಲು ಹೇಳಿ. ಅದರಲ್ಲಿ ಕ್ಯಾನ್ಸರ್ ಕೋಶ ಸಿಕ್ಕರೆ ರೋಗ ನಿರ್ಣಯ, ಜೀನ್ ಟೆಸ್ಟ್ ಎರಡೂ ಅದರಲ್ಲೇ ಆಗಬಹುದು. ಒಂದು ಸಣ್ಣ ಟ್ಯೂಬಿನಲ್ಲಿ ಲ್ಯಾಬಿಗೆ ಕೊಟ್ಟು ಉಳಿದದ್ದನ್ನು ಚೆಲ್ಲುವುದು ಬೇಡ. ತೆಗೆದಷ್ಟೂ ಹೋಗಲಿ, ಅದೇ ದಿನ ಹೋಗಲಿ.